ನವಿಲಿನ ಪಾಲು

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನವಿಲು ಸಂರಕ್ಷಣಾ ಸಮಿತಿಯ ಅಧ್ಯಕ್ಷ ಜವರಯ್ಯ ಪಂಚೆ ಎತ್ತಿ ಕಟ್ಟಿಕೊಂಡು, ಪಕ್ಕದ ಹೊಲದ ಅವರೆ ಸಾಲಿನೊಳಗೆ ಬಗ್ಗಿ ಬಗ್ಗಿ ನಡೆಯುತ್ತ ರಾಗಿ ಚೆಲ್ಲುತ್ತಿದ್ದ. ಆ ಹೊಲ ಸಮಿತಿಯ ಕಾರ್ಯದರ್ಶಿ ಕೃಷ್ಣಮೂರ್ತಿ ಆಚಾರರದು. ಮೈಸೂರಿನಿಂದ ವನ್ಯಜೀವಿ ಸಂಸ್ಥೆಯವರು ಬರುವ ದಿನ ಅದು. ಬಂದವರ ಕಣ್ಣಿಗೆ ನವಿಲು ಬೀಳಲೇಬೇಕು, ಇಲ್ಲದಿದ್ದರೆ ಸಮಿತಿಯ ಮಾನ ಉಳಿಯುವುದಿಲ್ಲ. ಆದರೆ ಬೀಳುವುದು ತನ್ನ ಟೊಮೇಟೊ ಹೊಲದಲ್ಲಿ ಬೇಡ ಅನ್ನುವುದಷ್ಟೇ ಅಧ್ಯಕ್ಷರ ಆಸೆ.

ಚಿನಕುರಳಿ ಆಚೆ, ಎರಡು ಗುಡ್ಡಗಳ ನಡುವಿನ ಆ ಊರಲ್ಲಿ ನವಿಲು ಸಂರಕ್ಷಣೆ ಎಂದರೆ ಬೆಳಗಾಗೆದ್ದು ತಗಡು ಬಡಿದು ತನ್ನ ಹೊಲದ ನವಿಲನ್ನು ಪಕ್ಕದವನ ಹೊಲಕ್ಕೆ ಅಟ್ಟುವುದು. ಪಕ್ಕದವನು ಅದನ್ನು ಅವನ ಪಕ್ಕದವನಿಗೆ ದಾಟಿಸುತ್ತಾನೆ. ನವಿಲು ಸುಬ್ಬಪ್ಪ ದೇವರ ವಾಹನ, ಕಲ್ಲು ಹೊಡೆಯುವ ಹಾಗಿಲ್ಲ. ಹೀಗೆ ಊರಿಗೆ ಊರೇ ಕೈಜೋಡಿಸಿದ್ದನ್ನು ದೂರದಿಂದ ಕಂಡ ಸಂಸ್ಥೆಯವರು ಸಮುದಾಯದ ಸಹಭಾಗಿತ್ವ ಎಂದು ಹೆಸರಿಟ್ಟು ಸಮಿತಿಯನ್ನೂ ಮಾಡಿಕೊಟ್ಟಿದ್ದರು.

ಈಗ ಅದೇ ಸಂಸ್ಥೆಯವರ ಹತ್ತಿರ ಹೊಲದ ಮೇಲೆ ಹೊದಿಸುವ ಬಲೆ ಬಂದಿತ್ತು, ಒಂದೇ ಒಂದು ಊರಿಗೆ ಸಾಕಾಗುವಷ್ಟು. ಈ ಊರಿಗೋ, ಗುಡ್ಡದಾಚೆಯ ಊರಿಗೋ ಅನ್ನುವುದು ಇವತ್ತೇ ತೀರ್ಮಾನ. ಬಲೆ ಸಿಕ್ಕರೆ ಜವರಯ್ಯನ ಅರ್ಧ ಎಕರೆ ಟೊಮೇಟೊ ಮಾರ್ಕೆಟ್ಟಿಗೆ, ಸಿಗದಿದ್ದರೆ ನವಿಲಿನ ಹೊಟ್ಟೆಗೆ. ಕುಕ್ಕಿ ಹಾಳು ಮಾಡಿದ ಹಣ್ಣನ್ನು ಅವರ ಮುಂದೆ ಸುರಿದು ಕಷ್ಟ ಹೇಳಿಕೊಳ್ಳಿ ಎಂದು ಹೆಂಡತಿ ಸಿದ್ದಲಿಂಗಮ್ಮ ವಾರದಿಂದ ಬಡಿದುಕೊಳ್ಳುತ್ತಿದ್ದಳು. ಆದರೆ ನವಿಲು ಸಮಿತಿಯ ಅಧ್ಯಕ್ಷನೇ ನವಿಲಿನ ಮೇಲೆ ಚಾಡಿ ಹೇಳಿದರೆ ಹೇಗೆ? ಜವರಯ್ಯನಿಗೆ ಬಲೆಯೂ ಬೇಕಿತ್ತು, ಒಳ್ಳೆಯ ಹೆಸರೂ ಬೇಕಿತ್ತು.

ರಾಗಿ ಮುಗಿಸಿ ಸೊಂಟ ನೆಟ್ಟಗೆ ಮಾಡಿದರೆ, ಬದುವಿನಾಚೆ ತನ್ನ ಟೊಮೇಟೊ ಸಾಲಿನಲ್ಲಿ ಯಾರೋ ಕೂತಿದ್ದಾರೆ. ಕೃಷ್ಣಮೂರ್ತಿ ಆಚಾರರು. ಮಡಿಲಲ್ಲಿ ನುಚ್ಚಕ್ಕಿ.

"ಏನ್ ಆಚಾರ್ರೇ, ಒತ್ತಾರೆಗೇ ನಮ್ ವಲದಲ್ಲಿ?"

"ನೀವು ನಮ್ ಅವರೆ ಒಳಗೆ ಏನ್ ಮಾಡ್ತಿದ್ರೋ ಅದೇ ಅಧ್ಯಕ್ಷ್ರೇ."

ಇಬ್ಬರೂ ಬದುವಿನ ಎರಡೂ ಕಡೆ ಸೆಟೆದು ನಿಂತರು. ನವಿಲುಗಳು ಮಾತ್ರ ಯಾರಿಗೂ ಬೇಸರ ಮಾಡಲಿಲ್ಲ. ಅರ್ಧ ಅವರೆಗೆ ಇಳಿದವು, ಅರ್ಧ ಟೊಮೇಟೊಗೆ. ಜಗಳ ಶುರುವಾಗುವ ಮೊದಲೇ ಸಂಸ್ಥೆಯ ಜೀಪು ಬಂದು ನಿಂತಿತು. ಹೇಳಿದ ಹೊತ್ತಿಗಿಂತ ಮೊದಲೇ ಬರುವ ಅಪರೂಪದ ಜನ ಅವರು. ಮೊದಲು ಇಳಿದವಳು ಬಲೆಯ ತೀರ್ಮಾನ ಮಾಡಬೇಕಾದ ಅಕ್ಷಿತಾ. ಕೈಯಲ್ಲಿ ಕಾಳು ಹಿಡಿದು ನಿಂತ ಇಬ್ಬರು ಮುದುಕರನ್ನೂ ಸುತ್ತ ಮೇಯುತ್ತಿದ್ದ ನವಿಲುಗಳನ್ನೂ ನೋಡಿ ಅವಳು ದಂಗಾಗಿ, ದಿನಾ ಹೀಗೆ ಕಾಳು ಹಾಕುತ್ತೀರಾ ಎಂದು ಕೇಳಿದಳು.

ನಿಜ ಹೇಳುವುದಕ್ಕೆ ಅದೇ ಸರಿಯಾದ ಸಮಯ. ಆದರೆ ಅವಳ ಜೊತೆ ಬಂದಿದ್ದ ಫೋಟೊದವನು ಆಗಲೇ ಕ್ಯಾಮೆರಾ ಎತ್ತಿದ್ದ.

"ನಮ್ ವಲಕ್ಕೆ ಆಚಾರ್ರು ಆಕ್ತಾರೆ, ಅವರ್ ವಲಕ್ಕೆ ನಾನ್ ಆಕ್ತೀನಿ," ಅಂದ ಜವರಯ್ಯ. "ನಮ್ಮೂರಲ್ಲಿ ಅಂಗೇ ಕಣವ್ವ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಚಾರರು ತಾವೇನು ಕಮ್ಮಿ ಎಂದು, ಹೊಲದ ಮೊದಲ ಸಾಲನ್ನು ನವಿಲಿಗೇ ಬಿಟ್ಟಿರುವುದಾಗಿ ಸೇರಿಸಿದರು. ಅದು ಮಾತ್ರ ಅಪ್ಪಟ ಸುಳ್ಳು. ಅಷ್ಟರಲ್ಲಿ ಸಿದ್ದಲಿಂಗಮ್ಮ ಒಂದು ಮಂಕರಿ ತೂತುಬಿದ್ದ ಟೊಮೇಟೊ ತಂದು ಅಕ್ಷಿತಾಳ ಕಾಲಬಳಿ ಸುರಿದಳು. ನೋಡವ್ವ, ಇದರಲ್ಲಿ ಒಂದಾದರೂ ಮಾರುವ ಹಾಗಿದೆಯಾ ಎಂದು ಕೇಳಿದಳು. ಹೆಂಡತಿ ತನ್ನ ಮರ್ಯಾದೆ ಬೀದಿಗೆ ತರುತ್ತಿದ್ದಾಳೆಂದು ಜವರಯ್ಯನಿಗೆ ಅನಿಸಿತು. ಅವನು ಅಡ್ಡ ಬಂದು, ಮಾರುವುದಕ್ಕಲ್ಲ, ಅದು ನವಿಲಿನ ಪಾಲು, ಬೇರೆ ಎತ್ತಿಟ್ಟಿದ್ದೇವೆ ಎಂದುಬಿಟ್ಟ. ಅಕ್ಷಿತಾಳ ಕಣ್ಣಲ್ಲಿ ನೀರಾಡಿತು.

ಹುಣಸೆಮರದ ಕೆಳಗೆ ಕಾಫಿ ಕುಡಿಯುತ್ತ ಅವಳು ತೀರ್ಮಾನ ಹೇಳಿದಳು. "ಗುಡ್ಡದಾಚೆ ಊರಿನವರು ನವಿಲು ಕಂಡರೆ ಕಲ್ಲು ಹೊಡೀತಾರೆ ಸರ್. ಅಲ್ಲಿ ನವಿಲು ಉಳೀಬೇಕು ಅಂದ್ರೆ ಬಲೆ ಅವರಿಗೇ ಕೊಡಬೇಕು. ನಿಮ್ಮಂಥವರಿಗೆ ಕೊಟ್ಟರೆ ಅವಮಾನ ಮಾಡಿದ ಹಾಗಾಗುತ್ತೆ."

ಜವರಯ್ಯ ಕಾಫಿ ಲೋಟ ಕೆಳಗಿಟ್ಟ. ನಾವೂ ದಿನಾ ತಗಡು ಬಡಿಯುತ್ತೇವೆ ತಾಯಿ, ನಮ್ಮಷ್ಟು ನವಿಲನ್ನು ಬೈಯುವವರು ಯಾರೂ ಇಲ್ಲ ಎಂದು ಹೇಳಲು ಬಾಯಿ ತೆರೆದ. ಅದೇ ಗಳಿಗೆಗೆ ಹಿಂದಿನಿಂದ ಯಾರೋ ಶಾಲು ಹೊದಿಸಿದರು. ತೆರೆದ ಬಾಯಿ ನಗೆಯಾಗಿ ಫೋಟೊದಲ್ಲಿ ಚೆನ್ನಾಗಿಯೇ ಬಂತು.

ಜೀಪು ಹೋದ ಮೇಲೆ ಸಿದ್ದಲಿಂಗಮ್ಮ ಚೆಲ್ಲಿದ್ದ ಹಣ್ಣನ್ನು ಒಂದೊಂದಾಗಿ ಮಂಕರಿಗೆ ಆಯುತ್ತ ಗಂಡನ ಕಡೆ ನೋಡದೆಯೇ ಹೇಳಿದಳು. "ನವಿಲಿಗೆ ನಾಕ್ ಕಲ್ಲು ಒಡೆದಿದ್ರೆ ಬಲೆ ಬತ್ತಿತ್ತು. ನೀವು ಶಾಲು ತಕಂಡ್ರಿ. ಅದನ್ನೇ ವಲದ ಮೇಲೆ ಒದಿಸ್ಬುಡಿ."

ಆಚೆ ಊರಿನ ಬಲೆಯ ಉದ್ಘಾಟನೆಗೆ ಸಂಸ್ಥೆಯವರು ಜವರಯ್ಯನನ್ನೇ ಕರೆಸಿದರು. ನವಿಲಿನ ಜೊತೆ ಹೇಗೆ ಬಾಳಬೇಕೆಂದು ಅಲ್ಲಿಯ ಜನಕ್ಕೆ ಅವನು ನಾಲ್ಕು ಮಾತು ಹೇಳಿದ, ಆಮೇಲೆ ಟೇಪು ಕತ್ತರಿಸಿದ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಬಲೆಯ ಅಂಚಿನಲ್ಲಿ ದಾರಿ ಹುಡುಕುತ್ತಿದ್ದ ನವಿಲಿನ ಹಿಂಡು ಬೆದರಿ ಮೇಲೆದ್ದು, ಗುಡ್ಡ ದಾಟಿ ಅವನ ಹೊಲದ ದಿಕ್ಕಿಗೇ ಹಾರಿತು. ಎಂಥ ನೋಟ ಎಂದು ವೇದಿಕೆಯ ಮೇಲಿದ್ದವರೆಲ್ಲ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಎಲ್ಲರೂ ನೋಡುತ್ತಿದ್ದರಿಂದ ಜವರಯ್ಯನೂ ತಟ್ಟಿದ.