ಎಡಗಡೆ ಸೀಟಿನ ಕೆಳಗೆ

ಮೇಲ್ಸೇತುವೆ ಇಳಿಯುವಾಗ ಕಾರು ಮತ್ತೆ ನಿಂತಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ಎಂಜಿನ್ನಿನ ಸದ್ದು ಕತ್ತರಿಸಿ ಹಾಕಿದಂತೆ ಅಡಗಿತು. ಹಿಂದೆ ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿದ್ದ. ಮೇಸ್ತ್ರಿ ನೋಡಿದರೆ, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕೈ ಸ್ಟೀರಿಂಗಿನ ಮೇಲಿತ್ತು. ಕಾರು ರಸ್ತೆಯ ಅಂಚಿಗೆ ಸರಿದಿತ್ತು.

“ಕೈ ತೆಗಿ! ಗಾಡಿ ಓಡಿಸೋದು ನಾನೋ, ನೀನೋ?”

ಅವಳು ಕೈ ತೆಗೆದಳು. “ಹೆದರಿಕೆ ಆಯ್ತು ರೀ.”

ಅವನು ಬಾನೆಟ್ ಎತ್ತಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಾರು ಸ್ಟಾರ್ಟ್ ಆಯಿತು. ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ.

ಮೂವತ್ತೈದು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದವನು ಅವನು. ಬೇರೆಯವರು ಕೈಚೆಲ್ಲಿದ ಗಾಡಿಗಳನ್ನು ಜನ ಅವನ ಬಾಗಿಲಿಗೆ ತಳ್ಳಿಕೊಂಡು ಬರುತ್ತಿದ್ದರು. ಈಗ ಸ್ವಂತ ಕಾರೇ ಕೈಕೊಟ್ಟಿತ್ತು. “ಮೇಸ್ತ್ರಿ, ನಿಮ್ಮ ಗಾಡೀನ ಯಾರಾದ್ರೂ ಒಳ್ಳೆ ಮೆಕ್ಯಾನಿಕ್ಕಿಗೆ ತೋರಿಸಬಾರದಾ?” ಎಂದು ಗಿರಾಕಿಯೊಬ್ಬ ಚುಡಾಯಿಸಿದಾಗ ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪಕ್ಕದ ಅಂಗಡಿಯಲ್ಲಿ ವೈರಿಂಗ್ ಕೆಲಸ ಮಾಡುವ ಗೆಳೆಯ ಮಾತ್ರ ನಗದೆ ಒಳಗೆ ಹೋದ.

ಮೇಸ್ತ್ರಿ ಫಿಲ್ಟರ್ ಬದಲಾಯಿಸಿದ. ಪ್ಲಗ್ಗುಗಳನ್ನು ಬದಲಾಯಿಸಿದ. ಟ್ಯಾಂಕ್ ಇಳಿಸಿ ತೊಳೆದು, ಪೆಟ್ರೋಲ್ ಪಂಪನ್ನೇ ಹೊಸದು ಹಾಕಿದ. ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಒಬ್ಬನೇ ಹೆದ್ದಾರಿಗೆ ಹೋಗಿ ಮೂವತ್ತು ಕಿಲೋಮೀಟರ್ ಓಡಿಸಿದ. ಕಾರು ಎಲ್ಲೂ ನಿಲ್ಲಲಿಲ್ಲ.

ಮರಳಿದಾಗ ಅವಳು ಗೇಟಿನಲ್ಲೇ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ಒಬ್ಬರೇ ಹೋಗಿದ್ರಾ?”

“ಯಾಕೆ, ನಿನ್ನ ಅಪ್ಪಣೆ ಬೇಕಿತ್ತಾ?”

ಅವಳು ಕಾರನ್ನು ಒಂದು ಸುತ್ತು ಬಂದಳು. ಬಂಪರ್, ಬಾಗಿಲು, ಎಲ್ಲವನ್ನೂ ಸವರಿ ನೋಡಿದಳು. ಎಡ ಬಾಗಿಲಿನ ಹಳೆಯ ಗೀರಿನ ಮೇಲೆ ಅವಳ ಕೈ ನಿಂತಿತು. ಎರಡು ತಿಂಗಳ ಹಿಂದೆ ಅವನು ಒಬ್ಬನೇ ಪೇಟೆಗೆ ಹೋಗಿ ಬಂದ ದಿನ ಆ ಗೀರು ಬಿದ್ದಿತ್ತು. ಎಲ್ಲಿ, ಯಾವನು ಉಜ್ಜಿದನೋ ಅವನಿಗೆ ಗೊತ್ತೇ ಆಗಿರಲಿಲ್ಲ. ಆವತ್ತಿನಿಂದ ಅವಳು ತರಕಾರಿ, ಟೈಲರು, ತಲೆನೋವಿನ ಮಾತ್ರೆ ಎಂದು ಏನಾದರೊಂದು ನೆಪ ತೆಗೆದು ಅವನ ಜೊತೆಗೇ ಹತ್ತುತ್ತಿದ್ದಳು.

ಕಾರು ಮಾರಲು ಹೊರಟವರು ಹೀಗೆಯೇ ಸವರಿ ನೋಡುವುದು. ಅವನ ಎದೆಯಲ್ಲಿ ಅನುಮಾನದ ಹುಳ ಹೊಕ್ಕಿತು. ಅವಳು ಜೊತೆಯಲ್ಲಿದ್ದಾಗ ಮಾತ್ರ ಕಾರು ನಿಲ್ಲುತ್ತಿದೆಯಲ್ಲ?

ಒಂದೊಂದಾಗಿ ನೆನಪಾದವು. ಮೊಮ್ಮಗಳನ್ನು ದಿನಾ ಶಾಲೆಗೆ ಬಿಡುತ್ತಿದ್ದವನು ಅವನು. ಮಗಳು ಇದ್ದಕ್ಕಿದ್ದಂತೆ ಅವಳನ್ನು ವ್ಯಾನಿಗೆ ಸೇರಿಸಿದ್ದಳು. “ಪಾಪ, ಅಪ್ಪಂಗೆ ಯಾಕೆ ತೊಂದರೆ” ಎಂದಿದ್ದಳು. ಅಡುಗೆಮನೆಯಿಂದ ಹೆಂಡತಿ ಫೋನಿನಲ್ಲಿ ಪಿಸುಗುಟ್ಟಿದ್ದೂ ಅವನ ಕಿವಿಗೆ ಬಿದ್ದಿತ್ತು: “ನೀನು ಹೇಳೋಕೆ ಹೋಗಬೇಡ. ಬೇಸತ್ತು ಅವರೇ ಗಾಡಿ ಬಿಟ್ಟರೆ ಸಾಕು.”

ಆ ರಾತ್ರಿ ಊಟಕ್ಕೆ ಬಡಿಸುತ್ತಾ ಅವಳೇ ಮಾತು ತೆಗೆದಳು. “ರೀ, ಒಂದು ಸಲ ತಿಳಿದವರಿಗೆ ತೋರಿಸಿಬಿಡೋಣ.”

“ನನಗಿಂತ ತಿಳಿದವನು ಯಾವನಿದಾನೆ?” ಎಂದು ತಟ್ಟೆ ತಳ್ಳಿ ಎದ್ದ.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಅರ್ಧ ಎಳೆದುಕೊಂಡು, ಕಾರಿನ ಸೀಟು ಬಿಚ್ಚಿ ನೆಲಹಾಸು ಕಿತ್ತ. ಪಂಪಿಗೆ ಹೋಗುವ ತಂತಿಯನ್ನು ಬೆರಳಲ್ಲೇ ಹಿಡಿದು ಹಿಂದಿನಿಂದ ಮುಂದಕ್ಕೆ ಬಂದ. ಎಡಗಡೆ ಸೀಟಿನ ಕೆಳಗೆ ಬೆರಳಿಗೆ ಏನೋ ತಡೆಯಿತು. ತಂತಿಯನ್ನು ಕತ್ತರಿಸಿ, ನಡುವೆ ಹೆಬ್ಬೆರಳಿನಷ್ಟು ಸಣ್ಣ ಸ್ವಿಚ್ಚೊಂದನ್ನು ಕೂರಿಸಿದ್ದರು. ಒತ್ತಿದರೆ ಸಾಕು, ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ನಿಲ್ಲುತ್ತದೆ. ಟೇಪನ್ನು ಅಚ್ಚುಕಟ್ಟಾಗಿ ಸುತ್ತಿ ತುದಿ ಮಡಚಿದ್ದ ರೀತಿ ನೋಡಿದೊಡನೆ ಕೈಕೆಲಸ ಯಾರದೆಂದು ತಿಳಿಯಿತು. ಎದ್ದು ಪಕ್ಕದ ಅಂಗಡಿಗೆ ನುಗ್ಗಿದ.

ಗೆಳೆಯ ತಲೆ ಎತ್ತಲಿಲ್ಲ. “ಅತ್ತಿಗೆ ಕೇಳಿಕೊಂಡ್ರು, ಹಾಕಿಕೊಟ್ಟೆ. ಯಾಕೆ ಅಂತ ಅವರನ್ನೇ ಕೇಳು.”

ಕೇಳುವುದಕ್ಕಿಂತ ಹಿಡಿಯಬೇಕು ಎಂದುಕೊಂಡ ಮೇಸ್ತ್ರಿ. ಸ್ವಿಚ್ಚನ್ನು ಇದ್ದಂತೆಯೇ ಬಿಟ್ಟು ನೆಲಹಾಸು ಮುಚ್ಚಿದ.

ಸಂಜೆ ಇಬ್ಬರೂ ಮಗಳ ಮನೆಗೆ ಹೊರಟರು. ಅವನು ರಸ್ತೆಗಿಂತ ಹೆಚ್ಚಾಗಿ ಅವಳ ಕೈಗಳನ್ನೇ ಓರೆಗಣ್ಣಿನಲ್ಲಿ ಕಾಯುತ್ತಿದ್ದ. ಎರಡೂ ಕೈ ಮಡಿಲಿನ ಚೀಲದ ಮೇಲಿದ್ದವು. ಮೇಲ್ಸೇತುವೆ ಹತ್ತತೊಡಗಿದ. ಕೈಗಳು ಅಲ್ಲೇ ಇದ್ದವು.

ಎಂಜಿನ್ ನಿಂತಿತು. ಅವಳ ಒಂದು ಕೈ ಸ್ಟೀರಿಂಗಿನ ಮೇಲಿತ್ತು, ಇನ್ನೊಂದು ಸೀಟಿನ ಕೆಳಗಿತ್ತು. ಚೀಲ ಕಾಲ ಬುಡದಲ್ಲಿ ಬಿದ್ದಿತ್ತು. ಅಷ್ಟು ಕಾದಿದ್ದರೂ ಕೈ ಯಾವಾಗ ಕೆಳಗಿಳಿಯಿತೆಂದು ಅವನಿಗೆ ಕಾಣಲೇ ಇಲ್ಲ.

“ಸಿಕ್ಕಿಬಿದ್ದೆ!” ಎಂದು ಅವಳ ಮಣಿಕಟ್ಟು ಹಿಡಿದ. “ಎಲ್ಲರ ಮುಂದೆ ನನ್ನ ನಗೆಪಾಟಲು ಮಾಡಿದವಳು ನೀನೇ! ನನ್ನ ಗಾಡಿಗೆ ಏನು ಮಾಡಿದ್ದೀಯ, ಬಾಯಿ ಬಿಡು!”

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಹಿಂದಿನ ಗಾಜಿನ ಕಡೆ ಕಣ್ಣು ತೋರಿಸಿದಳು. ಅವನು ತಿರುಗಿ ನೋಡಿದ. ಈಗಷ್ಟೇ ಹತ್ತತೊಡಗಿದ್ದ ಮೇಲ್ಸೇತುವೆ ಪೂರ್ತಿ ಹಿಂದೆ ಉಳಿದಿತ್ತು.

“ಗಾಡಿಗೆ ಯಾವತ್ತೂ ಏನೂ ಆಗಿಲ್ಲ ರೀ,” ಎಂದಳು. “ಪ್ರತಿ ಸಲವೂ ಹೀಗೇ, ಕಣ್ಣು ಬಿಟ್ಟುಕೊಂಡೇ ಇರ್ತೀರಿ, ಕಾಲು ಆಕ್ಸಿಲರೇಟರ್ ಒತ್ತಿಕೊಂಡೇ ಇರುತ್ತೆ, ಎಷ್ಟು ಕೂಗಿದರೂ ನೀವು ಮಾತ್ರ ಇರಲ್ಲ.”