ಶಿವಮಾದುವಿನ ತೀರ್ಪು

"ನೀನು ಸಿನಿಮಾದಲ್ಲಿ ಬಂದ ದಿನ ಮೊದಲ ಶಿಳ್ಳೆ ನಂದೇ ಕಣವ್ವ" ಎಂದು ಶಿವಮಾದು ಮಗಳಿಗೆ ಮಾತು ಕೊಟ್ಟಾಗ ಅವಳಿನ್ನೂ ಮೂರನೇ ಕ್ಲಾಸಿನಲ್ಲಿದ್ದಳು. ಈಗ ಭವಾನಿ ಸಿನಿಮಾ ಫೈಟರ್‌ಗಳ ತಂಡ ಸೇರಿ ಎರಡು ವರ್ಷವಾಗಿತ್ತು. ಯಾವ ಸಿನಿಮಾ, ಏನು ಕತೆ ಎಂದು ಮುಂಚೆ ಬಾಯಿ ಬಿಡುವಂತಿರಲಿಲ್ಲ.

ಅಂದು ಬೆಳಿಗ್ಗೆ ಅವಳು ಅಪ್ಪನ ಆಟೋ ಸ್ಟ್ಯಾಂಡಿಗೇ ಬಂದಳು. "ಹೊಸ ಟ್ರೈಲರ್ ಬಂದದೆ, ನೋಡಪ್ಪ" ಎಂದು ಮೊಬೈಲು ಹಿಡಿದಳು. ಆಕ್ಷನ್ ಸಿನಿಮಾದ ವಿಷಯದಲ್ಲಿ ಆ ಸ್ಟ್ಯಾಂಡಿಗೆಲ್ಲ ಶಿವಮಾದು ಹೇಳಿದ್ದೇ ತೀರ್ಪು. ಡ್ರೈವರುಗಳು ಸುತ್ತ ಮುತ್ತಿಕೊಂಡರು.

ಟ್ರೈಲರಿನಲ್ಲಿ ನಾಯಕಿ ಮೂರನೇ ಮಹಡಿಯಿಂದ ಹಾರಿ ಲಾರಿಯ ಮೇಲೆ ಬಿದ್ದಳು.

"ಥೂ! ಹೀರೋಯಿನ್ ಎಲ್ಲಿ ಬಿದ್ಲು? ಮುಖ ತೋರಿಸಿದ್ರಾ? ಡೂಪು ಕಣ್ರಲಾ! ಅದೂ ಈರುಳ್ಳಿ ಮೂಟೆ ಎಸೆದಂಗೆ ಬಿದ್ದವ್ಳೆ!" ಎಂದ ಶಿವಮಾದು.

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಪಾಪ, ಯಾರ ಮಗಳೋ ಏನೋ" ಎಂದ ಪಕ್ಕದ ಆಟೋದ ಇಕ್ಬಾಲ್.

"ಪಾಪ ಏನ್ ಬಂತು? ದುಡ್ಡು ಈಸ್ಕೊಂಡವಳಿಗೆ ನೆಟ್ಟಗೆ ಬೀಳಕ್ಕಾಗಲ್ವಾ?"

ಭವಾನಿ ಮೊಬೈಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡಳು.

"ಹದಿನಾಲ್ಕು ಸಲ ಬಿದ್ದೆ ಕಣಪ್ಪ" ಎಂದಳು. "ಅದರಲ್ಲಿ ಇದೇ ಚೆನ್ನಾಗಿತ್ತು."

ನಗು ನಿಂತುಹೋಯಿತು. ಶಿವಮಾದುವಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಗಳ ಮುಖ ನೋಡಲಾರದೆ, ತಲೆ ತಗ್ಗಿಸಿಕೊಂಡೇ ಎರಡು ಬೆರಳು ಬಾಯಿಗಿಟ್ಟುಕೊಂಡ. ಒಣಗಿದ ತುಟಿಯಿಂದ ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದ. ಆಗಲೂ ಗಾಳಿಯೇ.

ಮೊದಲ ಶಿಳ್ಳೆ ಹೊಡೆದವನು ಇಕ್ಬಾಲ್.