ಮನೆತನದ ಗಡಿಯಾರ

ನಬೀಸಾಬರ ಹೆಬ್ಬೆರಳಿನ ಉಗುರು ಕೈಗಡಿಯಾರದ ಹಿಂದಿನ ಮುಚ್ಚಳದ ಅಂಚನ್ನು ಮುಟ್ಟಿತು. ಎದುರಿಗೆ ಕೂತ ಜಾಹಿದ ಚಹಾದ ಬಟ್ಟಲು ಕೆಳಗಿಟ್ಟ. ಮುಚ್ಚಳ ತೆರೆದರೆ ಮುಗಿಯಿತು. ಒಳಗಿರುವುದು ಹೋದ ತಿಂಗಳು ಕೂಡಿಸಿದ ಹೊಸ ಯಂತ್ರ. ಮುಪ್ಪು ಏನಿದ್ದರೂ ಹೊರಗೆ ಮಾತ್ರ.

ಹಳಿಯಾಳದಲ್ಲಿ ಕಟ್ಟಿಗೆ ವ್ಯಾಪಾರ ಮಾಡುವ ನಬೀಸಾಬರಿಗೆ ಹಳೆಯ ಕೈಗಡಿಯಾರಗಳ ಹುಚ್ಚು. ಪಡಸಾಲೆಯ ಗಾಜಿನ ಕಪಾಟಿನ ತುಂಬ ಅವೇ. ಯಾವ ಎರಡೂ ಒಂದೇ ಸಮಯ ಹೇಳುತ್ತಿರಲಿಲ್ಲ. ಅದೇ ಅವುಗಳ ದೊಡ್ಡಸ್ತಿಕೆ ಎಂದು ಬಂದವರನ್ನೆಲ್ಲ ಅವರು ನಂಬಿಸಿದ್ದರು. ಸುತ್ತಲಿನ ಊರುಗಳ ಜನ ತಮ್ಮ ಅಜ್ಜಂದಿರ ಗಡಿಯಾರ ತಂದು ಅವರ ತೀರ್ಪು ಕೇಳುತ್ತಿದ್ದರು. ಕಣ್ಣಿಗೆ ಮಸೂರ ಸಿಕ್ಕಿಸಿ, ಮುಚ್ಚಳ ಬಿಚ್ಚಿ, ಅವರು ‘ಅಸಲಿ’ ಎಂದರೆ ಇಡೀ ಮನೆತನಕ್ಕೇ ಮುದ್ರೆ ಬಿದ್ದಂತೆ. ‘ನಕಲಿ’ ಎಂದರೆ ಬಂದವರು ಚಪ್ಪಲಿ ಕೈಯಲ್ಲಿ ಹಿಡಿದೇ ಹೊರಬೀಳುತ್ತಿದ್ದರು. ಹೊಸ ಗಡಿಯಾರಕ್ಕೆ ಹಳೇ ವೇಷ ಹಾಕಿ ಮಾರುವವರ ಬೆರಳು ಮುರಿಯಬೇಕು ಎಂದು ನಬೀಸಾಬರು ಮದುವೆಯ ಊಟದ ಪಂಕ್ತಿಯಲ್ಲೂ ಭಾಷಣ ಮಾಡುತ್ತಿದ್ದರು.

ಮಗಳು ಶೈಸ್ತಾಳಿಗೆ ಬಂದ ವರಗಳನ್ನೂ ಹೀಗೇ ನೋಡುತ್ತಿದ್ದರು. ಮೊದಲು ಮಣಿಕಟ್ಟು, ಆಮೇಲೆ ಮುಖ. ನಡೆದ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ಬಂದಿದ್ದ ಒಬ್ಬ ಡಾಕ್ಟರು ಚಹಾ ಬರುವ ಮೊದಲೇ ಹೆಜ್ಜೆ ಎಣಿಸುತ್ತ ವಾಪಸು ಹೋಗಿದ್ದ.

ಜಾಹಿದ ದಾಂಡೇಲಿಯ ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್. ಶೈಸ್ತಾಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗಲಾರೆನೆಂದು ಹಟ ಹಿಡಿದವನು. ಆದರೆ ಅವನ ಅಜ್ಜ ಬಿದಿರು ಹೊತ್ತವನು. ಮಿಲ್ಲಿನ ಭೋಂಗಾ ಕೂಗಿದರೆ ಹೋಗುವುದು, ಮತ್ತೆ ಕೂಗಿದರೆ ಬರುವುದು. ಅವನಿಗೆ ಗಡಿಯಾರ ಬೇಕಾಗಿಯೇ ಇರಲಿಲ್ಲ.

ಉಪಾಯ ಶೈಸ್ತಾಳದು. ಅಪ್ಪ ವ್ಯಾಪಾರಕ್ಕೆಂದು ಮುಂಡಗೋಡಕ್ಕೆ ಹೋದ ದಿನ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಹೇಳಿದಳು.

“ಮೊಬೈಲಿನ್ಯಾಗ ಒಬ್ಬಾಂವ ಅದಾನ. ಹೊಸಾದನ್ನ ಹಳೇದು ಮಾಡಿ ಕೊಡ್ತಾನಂತ.”

“ನಿಮ್ಮ ಅಬ್ಬಾಗ ಗೊತ್ತಾದ್ರ?”

“ಗೊತ್ತಾದ್ರ ನೀ ಓಡು. ನಾ ಹಿಂದ ಬರ್ತೇನಿ.”

ಆ ಮಾರಾಟಗಾರ ಹೆಸರು ಹೇಳಲಿಲ್ಲ, ಫೋನಿನಲ್ಲಿ ಮಾತಾಡಲಿಲ್ಲ. ಎಲ್ಲ ಸಂದೇಶದಲ್ಲೇ. ಆದರೆ ಕೆಲಸ ಅಚ್ಚುಕಟ್ಟು. ಚಹಾದ ನೀರಿನಲ್ಲಿ ಕಂದಿಸಿದ ಡಯಲ್, ಉಜ್ಜಿ ಸವೆಸಿದ ಚಾವಿ, ಎರಡು ತಲೆಮಾರಿನ ಬೆವರು ಕುಡಿದಂತಿದ್ದ ಚರ್ಮದ ಪಟ್ಟಿ. ಕೊನೆಗೆ ಅವನೇ ಕೇಳಿದ್ದ: ‘ಕಥೆಯೂ ಬೇಕೆ? ಗಡಿಯಾರದ ಜೊತೆ ಉಚಿತ.’ ಜಾಹಿದ ಬೇಕೆಂದ. ಗಡಿಯಾರ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು, ಕಥೆ ಮೊಬೈಲಿಗೆ ಬಂತು. ಮಿಲ್ಲಿನ ಪಾಳಿಯಲ್ಲಿ ಕೂತು ಅದನ್ನು ಬಾಯಿಪಾಠ ಮಾಡಿದ.

ಈಗ ನಬೀಸಾಬರು ಕಣ್ಣಿನಿಂದ ಮಸೂರ ತೆಗೆದರು. ಯಾಕೋ ಅವರ ಮುಖ ಕಳೆಗುಂದಿತ್ತು.

“ಹೇಳ್ರಿ ತಮ್ಮಾ, ಇದು ನಿಮ್ಮ ಮನಿಗೆ ಹೆಂಗ ಬಂತು?”

“ಕುಳಗಿ ಕಾಡಿನ್ಯಾಗ ಫಾರೆಸ್ಟ್ ಸಾಹೇಬ್ರ ಮ್ಯಾಲ ಕರಡಿ ಬಿದ್ದಿತ್ರಿ, ಚಾಚಾ. ನಮ್ಮಜ್ಜ ಕೊಡ್ಲಿ ಹಿಡಕೊಂಡು ನಡುವ ಹೊಕ್ಕ. ಸಾಹೇಬ್ರು ಖುಷಿಯಾಗಿ ತಮ್ಮ ಕೈಯಾಗಿಂದು ಬಿಚ್ಚಿ ಕೊಟ್ರು. ಆದ್ರ ಅಜ್ಜಗ…” ಮುಂದಿನದು ಮರೆತೇಹೋಯಿತು.

“ಎಡಗೈಗೆ ಗಾಯ ಆಗಿರಬೇಕು,” ನಬೀಸಾಬರು ಮೆಲ್ಲಗೆ ಅಂದರು.

“ಹೌದ್ರಿ! ಎಡಗೈಗೆ! ಅದಕ್ಕ ಬಲಗೈಗೆ ಕಟ್ಕೋತಿದ್ದ.”

“ಕರಡಿ ಯಾವಾಗ್ಲೂ ಎಡಕ್ಕ ಹೊಡಿತೈತಿ.”

ಸತ್ತ ಮಾವ ಕರಡಿಯೊಡನೆ ಕಾದಾಡಿದ್ದನ್ನು ಮೊದಲ ಸಲ ಕೇಳುತ್ತಿದ್ದ ಜಾಹಿದನ ತಾಯಿ ಮುಮ್ತಾಜ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಕ್ಕದಲ್ಲಿ ನಬೀಸಾಬರ ಗೆಳೆಯ ಸಾತಪ್ಪ ಮಾಸ್ತರರು ಕೂತಿದ್ದರು. ಇಲ್ಲಿ ಬಿದ್ದ ತೀರ್ಪನ್ನು ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸುವುದು ಅವರ ಹವ್ಯಾಸ. ಅವರು ಕುರ್ಚಿ ಮುಂದೆ ಎಳೆದುಕೊಂಡರು.

“ಮುಚ್ಚಳ ಬಿಚ್ಚ್ರಿ ಸಾಬ್ರ, ಒಳಗಿನ ಮಷೀನು ನೋಡೂಣು.”

ಜಾಹಿದ ಬಾಗಿಲಿನ ಕಡೆ ನೋಡಿದ. ಓಡಲು ಮೂರೇ ಹೆಜ್ಜೆ. ಆದರೆ ತಾಯಿಯನ್ನು ಬಿಟ್ಟು ಹೇಗೆ ಓಡುವುದು?

ನಬೀಸಾಬರ ಹಣೆ ಬೆವರಿತು. ಉಗುರು ಹಿಂದೆ ಸರಿಯಿತು. “ಇದು ಒಂದು ಮನಿತನದ ಮಾನ, ಮಾಸ್ತರ. ಎಲ್ಲಾರ ಎದುರಿಗೆ ಬಿಚ್ಚಿ ನೋಡೂದು ಚೊಲೋ ಅಲ್ಲ.”

“ಮತ್ತ ನಮ್ಮಜ್ಜಂದು ಬಿಚ್ಚಿದ್ರಿ?”

“ನಿಮ್ಮಜ್ಜನ ಮ್ಯಾಲ ನನಗ ಮೊದಲಿಂದ ಸಂಶಯ ಇತ್ತು.”

ಮಾಸ್ತರರು ಕುರ್ಚಿ ಹಿಂದೆ ಎಳೆದುಕೊಂಡರು. ನಬೀಸಾಬರು ಎದ್ದು ನಿಂತು, ಸಭೆಗೆ ಹೇಳುವವರ ಹಾಗೆ, “ಅಸಲಿ!” ಅಂದರು. ಒಳಗೆ ಶೈಸ್ತಾಳ ಕೈಯಿಂದ ಬಟ್ಟಲು ಬಿದ್ದ ಸದ್ದಾಯಿತು. ಚಹಾ ಆರುವುದರೊಳಗೆ ಮದುವೆಯ ಮಾತು ಮುಗಿದು, ಎಲ್ಲರ ಬಾಯಿಗೂ ಸಕ್ಕರೆ ಬಿತ್ತು.

ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಜಾಹಿದನಿಗೆ ನಗು ತಡೆಯಲಾಗಲಿಲ್ಲ. ನಾಲ್ಕು ತಾಲೂಕಿಗೆ ತೀರ್ಪು ಕೊಡುವ ಪಂಡಿತ ಒಬ್ಬ ಎಲೆಕ್ಟ್ರಿಶಿಯನ್‌ನ ಕೈಯಲ್ಲಿ ಬೇಸ್ತುಬಿದ್ದಿದ್ದ! ಮರುಗಳಿಗೆಗೆ ನಗುವಿನ ಜಾಗದಲ್ಲಿ ಕನಿಕರ ಬಂತು. ಪಾಪ, ವಯಸ್ಸಾಯಿತು, ಕಣ್ಣು ಸೂಕ್ಷ್ಮತೆ ಕಳೆದುಕೊಂಡಿದೆ. ಮದುವೆಯಾದ ಮೇಲೆ ಎಂದಾದರೂ ಒಂದು ದಿನ, ನೋವಾಗದ ಹಾಗೆ, ಮುದುಕನಿಗೆ ನಿಜ ಹೇಳಿಬಿಡಬೇಕು.

ಅಷ್ಟರಲ್ಲಿ ನಬೀಸಾಬರೇ ಹಿಂದಿನಿಂದ ಬಂದರು. ಮಾಸ್ತರರು ದೂರ ಇದ್ದಾರೆಂದು ಖಾತ್ರಿ ಮಾಡಿಕೊಂಡು, ಭಾವಿ ಅಳಿಯನ ಮಣಿಕಟ್ಟು ಹಿಡಿದು, ಗಡಿಯಾರದ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಕಿವಿಯ ಹತ್ತಿರ ಬಾಯಿ ತಂದರು.

“ನೀರು ತಾಗಿಸಬ್ಯಾಡ್ರಿ. ನಿಂತುಬಿಟ್ರ ಸೀದಾ ನನ್ನ ಕಡೆ ತಗೊಂಡು ಬರ್ರಿ, ನಾ ಮಾಡಿದ ಮಾಲಿಗೆ ಒಂದು ವರ್ಷ ಗ್ಯಾರಂಟಿ ಐತಿ.”